ಬಾವಿಯ ಕಲ್ಲು ಹೇಳದ ಮಾತು

ನಮ್ಮ ಗುರುಜಿ ಪಾಠದ ನಡುವೆ ಬೇಕಂತಲೇ ಒಂದು ಸುಳ್ಳು ಸೇರಿಸುತ್ತಿದ್ದರು. ಗಡಿಯಾಚೆ, ಸಂಖದ ಕಡೆಯ ಒಂದು ಊರಿನ ಕನ್ನಡ ಸಾಲೆ ನಮ್ಮದು. ಸುಳ್ಳನ್ನು ಹಿಡಿದು “ಅದು ಹೆಂಗ್ರಿ, ಗುರುಜಿ?” ಎಂದು ಎದ್ದು ನಿಂತವರಿಗೆ ಜೇಬಿನಿಂದ ಒಂದು ಹಿಡಿ ಶೇಂಗಾ, ಎಲ್ಲಕ್ಕೂ ಹೂಂ ಎಂದು ತಲೆ ಆಡಿಸಿದವರಿಗೆ ಬೈಗುಳ. ನಾನು ಕುರಿ ಕಾಯುವವರ ಮನೆಯ ಹುಡುಗಿ. ಮೊದಮೊದಲು ಪ್ರಶ್ನೆ ಕೇಳಿದ್ದು ಶೇಂಗಾದ ಆಸೆಗೇ.

ಊರ ಹಳೆಯ ಬಾವಿಯ ಮೆಟ್ಟಿಲ ಪಕ್ಕ ಒಂದು ಶಾಸನವಿದೆ. ಶನಿವಾರ ಬೆಳಗಿನ ಸಾಲೆ ಬಿಟ್ಟ ಮೇಲೆ ಗುರುಜಿ ನಮ್ಮನ್ನು ಅಲ್ಲಿಗೆ ಕರೆದೊಯ್ದು, ಕಲ್ಲು ತೊಳೆಸಿ, ಸೀಮೆಸುಣ್ಣದ ಪುಡಿ ಸವರಿ ಅಕ್ಷರ ಓದಿಸುತ್ತಿದ್ದರು. ಬಾವಿ ತೋಡಿಸಿದವರ ಹೆಸರಿದ್ದ ಸಾಲು ಮಾತ್ರ, ನೀರಿಗೆ ಇಳಿದವರ ಕೈ ತಾಗಿ ತಾಗಿ ಪೂರಾ ಸವೆದಿತ್ತು. ಒಮ್ಮೆ ನಾನು ಜಾಣತನ ಮಾಡಿ ಅಲ್ಲೊಂದು ಹೆಸರು ಊಹಿಸಿ ಬರೆದೆ. ಗುರುಜಿ ಪಾಟಿ ಕಸಿದುಕೊಂಡು ಅಂಗೈಯಿಂದ ಒರೆಸಿದರು.

“ಕಾಣದ್ದು ಕಾಣೂದಿಲ್ಲ ಅಂತ ಬರಿ. ನಿನಗ ಏನ ಬೇಕಾಗೇತಿ ಅಂತ ಕಲ್ಲಿಗಿ ಗೊತ್ತಿಲ್ಲ.”

ನಾನು ಇತಿಹಾಸ ಓದಿ ಜತ್ತದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವುದು ಆ ಮಾತಿನ ಏಟಿನಿಂದಲೇ. ಅಪ್ಪ ತೀರಿಕೊಂಡ ಮೇಲೆ ಹಬ್ಬಕ್ಕೆ ನಾನು ಹೋಗುತ್ತಿದ್ದುದು ಗುರುಜಿಯ ಮನೆಗೆ. ತವರು ಅಂದರೆ ನನಗೆ ಅದೇ.

ಈಚೆಗೆ ಊರವರು ಬಾವಿಯ ಹೂಳು ತೆಗೆಸಿ, ತೋಡಿಸಿದವರ ಹೆಸರಿನ ಹೊಸ ಕಲ್ಲು ಕೂರಿಸಲು ಹೊರಟರು. “ನಮ್ಮ ಹಿರಿಯರು ತೋಡಿಸಿದ್ದು” ಎಂದರು ಕುರಿ ಕಾಯುವ ನಮ್ಮ ಮಂದಿ. “ಅಲ್ಲ, ನಮ್ಮವರು” ಎಂದರು ಗುರುಜಿಯ ಮನೆತನದವರು. ಅವರು ವ್ಯಾಪಾರ ಮಾಡಿಕೊಂಡು ಬಂದ ಶೈವರು. ಗುರುಜಿಯ ಅಣ್ಣ ಹಾಸಿಗೆ ಹಿಡಿದಿದ್ದರು. ತಮ್ಮನನ್ನು ಓದಿಸಲೆಂದೇ ತಾವು ಸಾಲೆ ಬಿಟ್ಟು ಅಂಗಡಿಯಲ್ಲಿ ಕೂತವರು. ಸಾಯುವುದರೊಳಗೆ ತಮ್ಮ ಮನೆತನದ ಹೆಸರಿನ ಆ ಕಲ್ಲು ಕಾಣಬೇಕು ಎಂಬುದೊಂದೇ ಅವರ ಆಸೆ ಎಂದು ಊರಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಬಾವಿಕಟ್ಟೆಯ ಮೇಲೆ ಸಭೆ ಸೇರಿತು. ಅಣ್ಣನವರನ್ನು ಕುರ್ಚಿಯ ಸಮೇತ ಹೊತ್ತು ತಂದು ಕೂರಿಸಿದ್ದರು. ಗುರುಜಿ ಎದ್ದು ನಿಂತು, “ನಮ್ಮ ಹಿರ್ಯಾರ ಹೆಸರು ಈ ಸಾಲಿನ್ಯಾಗ ಸ್ಪಷ್ಟ ಐತಿ. ನಾನಽ ಓದೀನಿ” ಎಂದರು.

ನನಗೆ ಒಳಗೊಳಗೇ ನಗು ಬಂತು. ಹಳೆಯ ಆಟ ಹೂಡಿದ್ದಾರೆ, ಇಡೀ ಊರನ್ನೇ ಪರೀಕ್ಷೆಗೆ ಕೂರಿಸಿದ್ದಾರೆ ಎಂದುಕೊಂಡೆ. ಅವರು ಖರೇನೇ ಸುಳ್ಳು ಹೇಳಬಲ್ಲರು ಎಂದು ನನಗೆ ಹೊಳೆಯಲೇ ಇಲ್ಲ. ಏಳನೆಯ ಇಯತ್ತೆಯ ಹುಡುಗಿಯ ಹಾಗೆ ಎದ್ದು ನಿಂತೆ.

“ಅದು ಹೆಂಗ್ರಿ, ಗುರುಜಿ? ಆ ಸಾಲು ಅಳಿಸಿ ಹೋಗೇತಲ್ರಿ.”

ಅವರು ನಗುತ್ತಾರೆ ಎಂದು ಕಾದೆ. ಅವರು ನಗಲಿಲ್ಲ, ಕೈ ಜೇಬಿಗೆ ಹೋಗಲಿಲ್ಲ. ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಅಣ್ಣನವರು ತಮ್ಮನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಗುರುಜಿ ಕೂತುಬಿಟ್ಟರು. ಹೊಸ ಕಲ್ಲಿನ ಮಾತು ಅಲ್ಲಿಗೇ ನಿಂತಿತು. ದಾರಿಯಲ್ಲಿ ನಮ್ಮ ಕಾಕಾ, “ಶಾಣ್ಯಾಕಿ, ನಮ್ಮ ಮನಿ ಹೆಸರಾರ ಹೇಳಬೇಕಿಲ್ಲೋ?” ಎಂದು ಹಂಗಿಸಿದ. ಅತ್ತ ದರಿ, ಇತ್ತ ಪುಲಿ.

ಸ್ವಲ್ಪ ದಿನಕ್ಕೆ ಅಣ್ಣನವರು ತೀರಿಕೊಂಡರು. ಸುದ್ದಿ ನನಗೆ ತಡವಾಗಿ ಮುಟ್ಟಿತು. ಮಣ್ಣಾದ ಮಾರನೆಯ ದಿನ ಹೋದಾಗ ಗುರುಜಿ ಮನೆಯ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡರು.

“ನೀ ಹೇಳಿದ್ದು ಖರೆ ಐತಿ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾ ಕಲಿಸಿದ್ದನ್ನಽ ಹೇಳಿದಿ. ಆದ್ರ ನಮ್ಮಣ್ಣ ಕಡೀತನಕ ನನ್ನ ಕೂಡ ಮಾತಾಡಲಿಲ್ಲವ್ವಾ. ನಿನ್ನ ನೋಡಿದ್ರ ನನಗ ಅದಽ ನೆನಪಾಗತೈತಿ. ಇನ್ನ ಈ ಮನಿಗಿ ಬರಬ್ಯಾಡ.”

ಬೈದಿದ್ದರೆ ವಾದ ಮಾಡುತ್ತಿದ್ದೆ. ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಒಳಗಿನಿಂದ ಅವರ ಹೆಂಡತಿ, “ಯಾರ್ ಬಂದಾರ್ರಿ?” ಎಂದು ಕೇಳಿದರು.

“ಯಾರೂ ಇಲ್ಲ,” ಎಂದರು ಗುರುಜಿ.