ಧಾರೆಯ ವಿಡಿಯೋದಲ್ಲಿ ಅಪ್ಪನ ಮುಖ

2013ರಲ್ಲಿ ನನ್ನ ತಂಗಿ ಸುಮಾಳ ಮದುವೆ ದೊಡ್ಡಬೆಳವಂಗಲದ ಛತ್ರದಲ್ಲಿ ನಡೆಯಿತು. ನಾನಾಗ ಪಿಲ್ಲಗುಂಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದೆ. ಆಸೆಪಟ್ಟು ವಿಡಿಯೋ ಕ್ಯಾಮೆರಾ ಕೊಂಡು ಎರಡು ತಿಂಗಳಾಗಿತ್ತಷ್ಟೆ. "ಫೋಟೋಗೆ ಯಾರನ್ನಾದ್ರೂ ಕರೀರಿ, ವಿಡಿಯೋಗೆ ನಾನಿದ್ದೀನಿ" ಎಂದು ಹಟ ಹಿಡಿದೆ. ಅಮ್ಮನಿಗೆ ಇಷ್ಟವಿರಲಿಲ್ಲ. ಅಪ್ಪನೇ, "ಬಿಡೇ, ಅವಳೇ ತೆಗೀಲಿ" ಎಂದು ನನ್ನ ಪರ ನಿಂತ.

ಆ ಕ್ಯಾಮೆರಾದಲ್ಲಿ ಬೇಕಾದಷ್ಟು ಎಫೆಕ್ಟ್‌ಗಳಿದ್ದವು. ನನಗೆ ಹುಚ್ಚು ಹಿಡಿಸಿದ್ದು ಶಟರ್ ಸ್ಪೀಡ್. ಅದನ್ನು ತೀರಾ ಕಡಿಮೆ ಮಾಡಿದರೆ ಸುಮ್ಮನಿರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ, ಅಲ್ಲಾಡುವುದು ಮಾತ್ರ ಹೊಗೆಯಂತೆ ಎಳೆದುಕೊಳ್ಳುತ್ತದೆ. ಮನೆಯ ನಲ್ಲಿ ನೀರನ್ನು ಹಾಗೆ ತೆಗೆದು ನೋಡಿದ್ದೆ, ರೇಷ್ಮೆ ಎಳೆಯಂತೆ ಬಂದಿತ್ತು. ಧಾರೆಯ ಹಾಲನ್ನೂ ಹಾಗೇ ತೆಗೆದು ಎಲ್ಲರ ಬಾಯಿ ಮುಚ್ಚಿಸಬೇಕೆಂದುಕೊಂಡೆ.

ಧಾರೆಯ ಹೊತ್ತಿಗೆ ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲಿಟ್ಟು ಶಟರ್ ಸ್ಪೀಡ್ ಇಳಿಸಿದೆ. "ಅಪ್ಪಾ, ಹಾಲು ಬಿಡುವಾಗ ಅಲ್ಲಾಡ್ಬೇಡ" ಎಂದು ತಾಕೀತು ಮಾಡಿದೆ. ಗಂಡು ಹೆಣ್ಣಿನ ಕೈಮೇಲೆ ತೆಂಗಿನಕಾಯಿ ಇಟ್ಟರು. ಅಮ್ಮ ಗಿಂಡಿಗೆ ಕೈ ಮುಟ್ಟಿಸಿದಳು, ಅಪ್ಪ ಹಾಲು ಎರೆದ.

ಊಟವಾದ ಮೇಲೆ ಹಾಕಿ ನೋಡಿದರೆ ಪುರೋಹಿತರು, ಗಂಡು, ಅಮ್ಮ, ಕಾಯಿಯ ಜುಟ್ಟು ಕೂಡ ಚೆನ್ನಾಗಿ ಬಂದಿತ್ತು. ಅಪ್ಪನ ಮುಖ ಮಾತ್ರ ಕಲಸಿಹೋಗಿತ್ತು. ನೆಂಟರ ಎದುರೇ ರೇಗಿಬಿಟ್ಟೆ. "ಒಂದ್ನಿಮಿಷ ನೆಟ್ಟಗೆ ನಿಂತ್ಕೊಳಕ್ಕಾಗ್ಲಿಲ್ವಾ? ಎಲ್ಲಾ ಹಾಳ್ಮಾಡ್ಬಿಟ್ಟೆ!"

"ವಯಸ್ಸಾಯ್ತಲ್ಲಮ್ಮ, ಕೈಕಾಲು ನಡುಗ್ತವೆ" ಎಂದು ನಕ್ಕು, ಕೊನೇ ಪಂಕ್ತಿಗೆ ಎಲೆ ಹಾಕಿಸಲು ಹೋದ. ಅಡುಗೆಮನೆ, ನೆಂಟರು ಅಂತ ದಿನವಿಡೀ ಓಡಾಡಿದ್ದರಿಂದ ಉಳಿದ ವಿಡಿಯೋದಲ್ಲೆಲ್ಲೂ ಅವನಿಲ್ಲ.

ನಾಲ್ಕು ವರ್ಷದ ನಂತರ ಅಪ್ಪ ಎದೆನೋವೆಂದವನು ಹೋಗಿಯೇಬಿಟ್ಟ. ಸಾಸಲಿನ ನಮ್ಮ ಮನೆಯ ಗೋಡೆಯ ಮೇಲೆ ಅವನ ಫೋಟೋ ಇದೆ. ನನಗೆ ಅವನು ಕಣ್ಣು ಮಿಟುಕಿಸುವುದನ್ನು, ಕತ್ತು ತಿರುಗಿಸುವುದನ್ನು ನೋಡಬೇಕಿತ್ತು. ಆ ಧಾರೆಯ ತುಣುಕನ್ನು ಮತ್ತೆ ಮತ್ತೆ ಹಾಕಿದೆ. ಅದೇ ಹೊಗೆ. ದೊಡ್ಡಬಳ್ಳಾಪುರದಲ್ಲಿ ವಿಡಿಯೋ ಎಡಿಟ್ ಮಾಡುವವರೊಬ್ಬರಿಗೆ ತೋರಿಸಿದೆ. "ತೆಗೆಯುವಾಗ್ಲೇ ಹಿಂಗಾಗಿದೆ ಮೇಡಂ, ಈಗ ಏನೂ ಮಾಡಕ್ಕಾಗಲ್ಲ" ಅಂದರು.

ಒಂದು ದಿನ ಸುಮಾ ನನ್ನ ಪಕ್ಕ ಕೂತು ಅದನ್ನು ನೋಡಿದಳು. ತುಣುಕು ಮುಗಿದ ಮೇಲೆ ಹೇಳಿದಳು:

"ಅದು ವಯಸ್ಸಿಗೆ ನಡುಗಿದ್ದಲ್ಲ ಕಣಕ್ಕ. ಅಪ್ಪ ಬಿಕ್ಕಿ ಬಿಕ್ಕಿ ಅಳ್ತಿದ್ದ. ವಾಲಗದ ಸದ್ದಲ್ಲಿ ಯಾರಿಗೂ ಕೇಳಿಸ್ಲಿಲ್ಲ. ಹಾಲು ತಣ್ಣಗಿತ್ತು, ಮಧ್ಯೆ ನನ್ನ ಕೈಮೇಲೆ ಬೆಚ್ಚಗೆ ಎರಡು ಹನಿ ಬಿತ್ತು. ಮುಖ ನೋಡಿದ್ರೆ ನಾನೂ ಅತ್ಬಿಡ್ತೀನಿ ಅಂತ ತಲೆ ಎತ್ಲೇ ಇಲ್ಲ."

ಅಪ್ಪ ಅತ್ತದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಿಲ್ಲ. ಆ ಮುಖವನ್ನು ಒಂದೇ ಒಂದು ಸಲ ನೋಡಬೇಕೆಂಬ ಆಸೆ ನನಗೆ ಇವತ್ತಿಗೂ ಹೋಗಿಲ್ಲ. ಆ ದಿನ ಅವನಿಗೆ ಎದುರಾಗಿ, ಮೂರು ಮಾರು ದೂರದಲ್ಲಿ ನಿಂತಿದ್ದವಳು ನಾನೇ. ಕ್ಯಾಮೆರಾದಿಂದ ಕಣ್ಣು ತೆಗೆದಿದ್ದರೆ ಸಾಕಿತ್ತು. ನಾನು ಹಾಲನ್ನು ನೋಡುತ್ತಿದ್ದೆ.