ಆಗುಂಬೆ ಹತ್ತುವ ಮೊದಲು ಗೇರ್ ಬಾಕ್ಸಿನ ಚಿಂತೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮಲ್ಲೊಂದು ಹಳೆಯ ವ್ಯಾನ್ ಇತ್ತು. ಡಾಕ್ಟರೊಬ್ಬರು ಹಳ್ಳಿಗಳಿಗೆ ಹೋಗಿ ರೋಗಿಗಳನ್ನು ನೋಡಲೆಂದು ಇಟ್ಟುಕೊಂಡಿದ್ದ ಗಾಡಿ ಅದು. ವಯಸ್ಸಾಯಿತೆಂದು ಅವರು ತಿರುಗಾಟ ನಿಲ್ಲಿಸಿದಾಗ ನನ್ನ ಗಂಡ ಕೊಂಡುಕೊಂಡರು. ರೋಗಿಗಳು ಮಲಗುತ್ತಿದ್ದ ಹಲಗೆಯ ಮೇಲೆ ಹಾಸಿಗೆ ಹಾಸಿದೆವು. ಔಷಧಿಯ ಕಪಾಟಿಗೆ ಅಕ್ಕಿ, ಬೆಲ್ಲ, ಕಾಫಿಪುಡಿ ಬಂದವು. ಮೂಲೆಯಲ್ಲಿ ಸೀಮೆಎಣ್ಣೆಯ ಸ್ಟವ್ ಇಟ್ಟೆವು. ಗಂಡ ಮಣಿಪಾಲದಲ್ಲಿ ಕಾಲೇಜು ಮೇಷ್ಟ್ರು, ನಾನು ಉಡುಪಿಯ ಶಾಲೆಯೊಂದರಲ್ಲಿ ಟೀಚರ್. ಶನಿವಾರ ಶಾಲೆ ಬಿಟ್ಟದ್ದೇ ಅತ್ತೆಯನ್ನೂ ಕೂರಿಸಿಕೊಂಡು ಕಾಪುವಿನ ಕಡಲ ಬದಿಗೆ ಹೊರಡುತ್ತಿದ್ದೆವು. ಮನೆಯಲ್ಲಿ ಮಾಡುವ ಅದೇ ಗಂಜಿ, ಅದೇ ಚಟ್ನಿ. ಅಲ್ಲಿ ಮಾತ್ರ ಅತ್ತೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು.

ಒಂದು ವರ್ಷ ಮಳೆ ಬಿಟ್ಟ ಮೇಲೆ ಅತ್ತೆಗೆ ಕೊಪ್ಪದಲ್ಲಿದ್ದ ತಂಗಿಯನ್ನು ನೋಡುವ ಆಸೆಯಾಯಿತು. ಅಲ್ಲಿಗೆ ಹೋಗಲು ಆಗುಂಬೆ ಘಾಟಿ ಹತ್ತಬೇಕು. ವ್ಯಾನಿನ ಎರಡನೇ ಗೇರು ಕೆಲವು ತಿಂಗಳುಗಳಿಂದ ಸ್ವಲ್ಪ ಬಿಗಿಯಾಗುತ್ತಿತ್ತು. ಹಾಗೆಂದು ಗಾಡಿ ಎಲ್ಲೂ ಕೈಕೊಟ್ಟಿರಲಿಲ್ಲ. ಕಾರ್ಕಳದಲ್ಲಿ ನಮಗೆ ಗುರುತಿನ ಮೆಕ್ಯಾನಿಕ್ ಒಬ್ಬರಿದ್ದರು. ಅವರಿಗೆ ತೋರಿಸಿದೆವು.

"ಈಗ ಎಂತ ತೊಂದರೆಯೂ ಇಲ್ಲ ಮೇಷ್ಟ್ರೇ," ಎಂದರು ಅವರು. "ಆದರೆ ಗೇರ್ ಬಾಕ್ಸಿಗೆ ವಯಸ್ಸಾಗಿದೆ. ಹತ್ತು ವರ್ಷವೂ ಓಡಬಹುದು, ಘಾಟಿಯ ತಿರುವಿನಲ್ಲೇ ಕೂತುಬಿಡಲೂಬಹುದು. ಹೆಜಮಾಡಿಯಲ್ಲಿ ಇಂಥದ್ದೇ ಒಂದು ವ್ಯಾನಿನ ಮೇಲೆ ತೆಂಗಿನಮರ ಬಿದ್ದು ಮೇಲಿನ ಮಾಡು ಜಜ್ಜಿಹೋಗಿದೆ. ಅದರ ಗೇರ್ ಬಾಕ್ಸ್ ಕೊಡುತ್ತಾರಂತೆ. ಬೇಕಾದರೆ ಈಗಲೇ ಹೇಳಿ, ಇನ್ನೊಬ್ಬರೂ ಕೇಳಿದ್ದಾರೆ."

ಗಂಡನಿಗೆ ಹಾಕಿಸಿಬಿಡುವ ಮನಸ್ಸು. ಜೊತೆಗೆ ಬಂದಿದ್ದ ಅತ್ತೆ ಒಪ್ಪಲಿಲ್ಲ. "ನಮ್ಮದರ ಗುಣ ನಮಗೆ ಗೊತ್ತುಂಟು ಮಗ. ಆ ಹೆಜಮಾಡಿಯದ್ದು ಎಂಥದ್ದೆಂದು ಯಾರಿಗೆ ಗೊತ್ತು? ಓಡುವುದನ್ನು ಬಿಚ್ಚಿ ಹಾಕುವುದು ಯಾಕೆ?" ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ. ಮೆಕ್ಯಾನಿಕ್ ಕೂಡ ಅದಕ್ಕೆ ತಲೆಯಾಡಿಸಿದರು. ಯೋಚಿಸಿ ಹೇಳುತ್ತೇವೆಂದು ಹೊರಟೆವು.

ಆ ಶನಿವಾರ ಎಂದಿನಂತೆ ಕಾಪುವಿಗೆ ಹೋಗುವಾಗ ನಾನು ಗಂಡನ ಪಕ್ಕದಲ್ಲಿದ್ದೆ. ಹೇಳಲು ಒಂದು ಸುದ್ದಿಯಿತ್ತು. "ಮುಂದಿನ ತಿಂಗಳಿಂದ ನನ್ನನ್ನು ಹೆಡ್ ಟೀಚರ್ ಮಾಡುತ್ತಾರಂತೆ," ಎಂದೆ. ಅವರು ರಸ್ತೆ ನೋಡುತ್ತಲೇ ಇದ್ದರು. ಕಟಪಾಡಿ ದಾಟಿದ ಮೇಲೆ, "ಈಗ ಒಂದು ಸದ್ದು ಬಂತು ಅಲ್ವಾ?" ಎಂದು ಕೇಳಿದರು.

"ಬಂತು," ಎಂದೆ. "ಅದು ನಾನು ಮಾತಾಡಿದ್ದು."

ಹಿಂದೆ ಕೂತಿದ್ದ ಅತ್ತೆ ನಗತೊಡಗಿದರು. ಗಂಡನಿಗೆ ಏನೆಂದು ತಿಳಿಯಲೇ ಇಲ್ಲ. ಕಡಲ ಬದಿಯಲ್ಲಿ ಗಾಡಿ ನಿಲ್ಲಿಸಿದ ಮೇಲೆ ಸುದ್ದಿಯನ್ನು ಇನ್ನೊಮ್ಮೆ ಹೇಳಿದೆ. ಅವರಿಗೆ ಸಂತೋಷವಾಯಿತು, ನಾಚಿಕೆಯೂ ಆಯಿತು. ತಿಂಗಳುಗಳಿಂದ ಹೀಗೇ ನಡೆದಿತ್ತೆಂದು ಆಗ ನನಗೆ ಹೊಳೆಯಿತು. ಸ್ಟಿಯರಿಂಗ್ ಹಿಡಿದರೆ ಸಾಕು, ಅವರ ಕಿವಿಯೆಲ್ಲ ಗೇರಿನ ಕಡೆ.

"ಬದಲಾಯಿಸಿಬಿಡುವ," ಎಂದೆ. "ಹಳೆಯದು ಹಾಳಾಗುತ್ತದೋ ಇಲ್ಲವೋ ಗೊತ್ತಿಲ್ಲ. ನನಗೆ ಮಾತಿಗೆ ಜನ ಬೇಕು."

ಅತ್ತೆ ಕಾಫಿ ಸೋಸುತ್ತಾ, "ಹಾಗಾದರೆ ಸರಿ," ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಮೆಕ್ಯಾನಿಕ್ ಹೆಜಮಾಡಿಯದ್ದನ್ನು ತರಿಸಿ, ಮೊದಲು ಬಿಚ್ಚಿ ನೋಡಿ, ತೊಳೆದು ಕೂರಿಸಿದರು. ನಮ್ಮ ಹಳೆಯದನ್ನೂ ಬಿಚ್ಚಿದರು. ಒಂದು ಗೇರಿನ ಹಲ್ಲುಗಳ ಅಂಚು ಸವೆದಿತ್ತು, ಮುರಿದಿರಲಿಲ್ಲ.

"ಇದು ಘಾಟಿ ಹತ್ತುತ್ತಿತ್ತಾ?" ಎಂದು ಗಂಡ ಕೇಳಿದರು.

"ಹತ್ತುತ್ತಿತ್ತೋ ಏನೋ ಮೇಷ್ಟ್ರೇ. ಅದನ್ನು ಈಗ ಯಾರು ಹೇಳುವುದು?" ಎಂದರು ಮೆಕ್ಯಾನಿಕ್. ನಮಗೂ ಅದು ಇಂದಿನವರೆಗೆ ತಿಳಿದಿಲ್ಲ, ತಿಳಿಯಬೇಕೆಂದೂ ಅನ್ನಿಸಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಘಾಟಿ ಹತ್ತಿದೆವು. ಕಲ್ಯಾಣಪುರದ ಹೊಳೆಯಲ್ಲಿ ತಾನು ಈಜು ಕಲಿತ ಕಥೆಯನ್ನು ಗಂಡ ಘಾಟಿಯ ಬುಡದ ಸೋಮೇಶ್ವರದಲ್ಲಿ ಶುರುಮಾಡಿದವರು, ಒಂದೊಂದು ತಿರುವಿಗೂ ಹೊಳೆಯನ್ನು ಅಗಲ ಮಾಡುತ್ತಾ ಹೋದರು. "ಸೊಂಟದ ಮಟ್ಟಕ್ಕೂ ನೀರಿರಲಿಲ್ಲ ಮಾರಾಯ, ನಾನೇ ದಡದಲ್ಲಿ ಇದ್ದೆ," ಎಂದು ಅತ್ತೆ ಹಿಂದಿನಿಂದ ತಿದ್ದಿದರು. ಗಂಡ ಬಿಟ್ಟುಕೊಡಲಿಲ್ಲ. ಮೇಲೆ ತಲುಪಿ ವ್ಯಾನ್ ನಿಲ್ಲಿಸಿದಾಗಲೂ ಇಬ್ಬರ ವಾದ ಮುಗಿದಿರಲಿಲ್ಲ. ಅವರ ಪಾಡಿಗೆ ಅವರನ್ನು ಬಿಟ್ಟು ನಾನು ಸ್ಟವ್ ಹಚ್ಚಿ ಅವಲಕ್ಕಿಗೆ ಒಗ್ಗರಣೆ ಹಾಕಿದೆ.