ಮಂಜಿನಿಂದ ಬರುವ ದೋಣಿ

ದೆಹಲಿಯ ಆರ್.ಕೆ.ಪುರಂನಲ್ಲಿ ನಮ್ಮ ಮೇಲಿನ ಮನೆಯ ಸ್ಟೆನೋಗ್ರಾಫರ್ ಕ್ಯಾಮೆರಾ ಹಿಡಿದರೆ ಒಂದೇ ಮಾತು: "ಇನ್ನೊಂದು ಸಲ." ಚಳಿಗಾಲದ ಭಾನುವಾರಗಳಲ್ಲಿ ನಾವು ಐದಾರು ಜನ ಅವರೊಂದಿಗೆ ವ್ಯಾನಿನಲ್ಲಿ ಫರೀದಾಬಾದ್ ದಾಟಿ ಯಮುನೆಯ ದಡಕ್ಕೆ ಹೋಗುತ್ತಿದ್ದೆವು. ಫ್ಲಾಸ್ಕು, ಉಪ್ಪಿಟ್ಟಿನ ಡಬ್ಬಿ ನನ್ನ ಪಾಲಿಗೆ. ಅವರಿಗೆ ಬೇಕಾಗಿದ್ದದ್ದು ಮಂಜಿನೊಳಗಿಂದ ಹೊರಬರುವ ದೋಣಿಯ ಒಂದು ಚಿತ್ರ.

ಅವರು ನಿವೃತ್ತರಾಗಿ ಮೈಸೂರಿಗೆ ಹೊರಡುವ ಮುಂಚಿನ ಕೊನೆಯ ಭಾನುವಾರ ಮಂಜೂ ಇತ್ತು, ದೋಣಿಯೂ ಬಂತು. ಮೊಣಕಾಲುದ್ದ ನೀರಿನಲ್ಲಿ ನಿಂತು ತೆಗೆದೇ ತೆಗೆದರು. ಮೂವತ್ತಾರು ಚಿತ್ರಗಳ ರೀಲು ನಲವತ್ತಾದರೂ ಮುಗಿಯಲಿಲ್ಲ. ಕ್ಯಾಮೆರಾ ತೆರೆದು ನೋಡಿದರೆ ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಕೊಂಡೇ ಇರಲಿಲ್ಲ. ಒಂದು ಚಿತ್ರವೂ ಬಿದ್ದಿರಲಿಲ್ಲ. ಅಷ್ಟರಲ್ಲಿ ಬಿಸಿಲು ಬಂದಿತ್ತು.

"ಬಿಡಿ ಸಾರ್, ಅಲ್ಲಿ ಕಾವೇರಿ ಇದೆಯಲ್ಲ," ಎಂದರು ನಮ್ಮ ಯಜಮಾನರು.

"ಅದಕ್ಕೆ ಬೇರೆ ರೀಲು," ಎಂದು ಅವರು ಪ್ಯಾಂಟಿನ ನೀರು ಹಿಂಡಿದರು.

ಮರುದಿನ ಬೆಳಿಗ್ಗೆ ಹಾಲಿಗೆಂದು ಇಳಿದಾಗ ಅವರ ಸಾಮಾನು ತುಂಬಿದ ಲಾರಿ ನಿಂತಿತ್ತು. ಅವರ ಹೆಂಡತಿ ಉಳಿದೊಂದು ಟ್ರಂಕಿನ ಮೇಲೆ ಕೂತಿದ್ದರು.

"ಮೊದಲನೇ ಬಸ್ಸಿಗೇ ನದಿಗೆ ಹೋದ್ರು. ಲಾರಿ ಭಯ್ಯಾಗೆ ಹನ್ನೊಂದು ಗಂಟೆ ಅಂದಿದಾರೆ."

"ಇವತ್ತೂ ಅಲ್ಲಿ ಮಂಜು ಇರುತ್ತಾ?"

ಅವರು ಎದುರಿನ ಬ್ಲಾಕಿನ ಕಡೆ ನೋಡಿದರು. ಅದು ಕಾಣುತ್ತಲೇ ಇರಲಿಲ್ಲ.

"ಇದ್ದೇ ಇರುತ್ತೆ," ಎಂದು, ಲಾರಿಯವನಿಗೂ ಸೇರಿಸಿ ನನ್ನ ಹತ್ತಿರ ಎರಡು ಲೋಟ ಚಹಾ ಕೇಳಿದರು.